ಮೂವತ್ಮೂರನೆಯ ಪ್ರಶ್ನೆ

ಬುಧವಾರವೆಂದರೆ ಗದಗಿನ ಆ ಸಂಶೋಧನಾ ಕೇಂದ್ರದಲ್ಲಿ ಉಗುಳುವ ದಿನ. ಬೆಳಿಗ್ಗೆ ಎಂಟಕ್ಕೆಲ್ಲ ಇಪ್ಪತ್ತೆರಡು ಜನ ಖಾಲಿ ಹೊಟ್ಟೆಯಲ್ಲಿ ಬಂದು ಸಾಲುಕುರ್ಚಿಗಳ ಮೇಲೆ ಕೂರುತ್ತಿದ್ದರು. ಒಬ್ಬೊಬ್ಬರ ಕೈಗೂ ಒಂದೊಂದು ಪ್ಲಾಸ್ಟಿಕ್ ನಳಿಕೆ. ಅದರ ಮೇಲಿನ ನೀಲಿ ಗೆರೆ ಮುಟ್ಟುವ ತನಕ ಉಗುಳಿ, ಮುಚ್ಚಳ ಬಿಗಿದು, ಮೂವತ್ತೆರಡು ಪ್ರಶ್ನೆಗಳ ಹಾಳೆಯೊಂದಕ್ಕೆ ಹೌದು, ಇಲ್ಲ ಎಂದು ಗುರುತು ಹಾಕಿ ಕೊಟ್ಟು ಹೋಗಬೇಕು. ಖಾಲಿ ಹೊಟ್ಟೆಯಲ್ಲಿ ಉಗುಳು ಬೇಗ ಬರುವುದಿಲ್ಲ. ಆಗ ಯಾರಾದರೊಬ್ಬರು ಹುಣಸೆಹಣ್ಣಿನ ಚಿಗಳಿಯ ಮಾತು ತೆಗೆಯುತ್ತಿದ್ದರು, ಮತ್ತೊಬ್ಬರು ಬಿಸಿ ಮಿರ್ಚಿಯ ಮಾತು ತೆಗೆಯುತ್ತಿದ್ದರು, ಐದು ನಿಮಿಷದಲ್ಲಿ ನಳಿಕೆಗಳು ತುಂಬುತ್ತಿದ್ದವು. ಈ ಉಪಾಯ ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲ.

ಆ ಉಗುಳಿನಲ್ಲಿ ಹುಡುಕುತ್ತಿದ್ದದ್ದು ಎಪ್‌ಸ್ಟೀನ್-ಬಾರ್ ಎಂಬ ವೈರಸ್ಸನ್ನು. ಹೆಸರು ಕೇಳಿ ಹೆದರಬೇಕಾಗಿಲ್ಲ. ಓದುತ್ತಿರುವ ನಿಮ್ಮಲ್ಲೂ ಬಹುಮಟ್ಟಿಗೆ ಅದು ಇದ್ದೇ ಇದೆ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಜನರಲ್ಲಿ ಇದೆ. ಎಂಜಲಿನಿಂದ ಬರುತ್ತದೆ, ರಕ್ತದ ಬಿಳಿಕಣಗಳಲ್ಲಿ ಅಡಗಿ ಕೂರುತ್ತದೆ, ಸಾಯುವ ತನಕ ಬಿಟ್ಟು ಹೋಗುವುದಿಲ್ಲ. ಎಳೆವಯಸ್ಸಿನಲ್ಲಿ ಬಂದರೆ ಒಂದು ನೆಗಡಿಯಷ್ಟೂ ಸದ್ದು ಮಾಡುವುದಿಲ್ಲ. ದೊಡ್ಡವರಾದ ಮೇಲೆ ಮೊದಲ ಸಲ ಬಂದರೆ ಮಾತ್ರ ಗಂಟಲು ಕಟ್ಟಿ, ಕುತ್ತಿಗೆಯ ಗ್ರಂಥಿಗಳು ಊದಿ, ವಾರಗಟ್ಟಲೆ ಹಾಸಿಗೆ ಹಿಡಿಸುವ ಜ್ವರವಾಗುತ್ತದೆ. ಡಾಕ್ಟರರು ಅದನ್ನು ಮಾನೋನ್ಯೂಕ್ಲಿಯೋಸಿಸ್ ಎನ್ನುತ್ತಾರೆ. ನಮ್ಮ ಕಡೆ ಆ ಹೆಸರು ಕೇಳಿದವರೇ ಕಡಿಮೆ, ಏಕೆಂದರೆ ನಮ್ಮಲ್ಲಿ ಅಜ್ಜಿಯರೂ ಅಕ್ಕಂದಿರೂ ಒಣಗಿ ಗಟ್ಟಿಯಾದ ಕಟಕ ರೊಟ್ಟಿ ಅಗಿದು ಕೂಸಿನ ಬಾಯಿಗಿಡುವಾಗಲೇ ಆ ವೈರಸ್ಸನ್ನೂ ದಾಟಿಸಿ ಮುಗಿಸಿರುತ್ತಾರೆ.

ತೊಂದರೆ ಇರುವುದು ಸಾವಿರಕ್ಕೊಬ್ಬರಲ್ಲಿ. ವೈರಸ್ಸನ್ನು ಕಾಯಲು ಮೈ ಇಟ್ಟುಕೊಂಡ ಕಾವಲು ಕಣಗಳು ವರ್ಷಗಳ ನಂತರ ದಿಕ್ಕು ತಪ್ಪಿ, ನರಗಳ ಹೊದಿಕೆಯನ್ನೇ ವೈರಸ್ಸೆಂದು ತಿಳಿದು ತಿನ್ನತೊಡಗುತ್ತವೆ. ಕಣ್ಣು ಮಂಜಾಗುತ್ತದೆ, ಕಾಲು ಹೇಳಿದ ಮಾತು ಕೇಳುವುದಿಲ್ಲ. ಹಾಗಾದರೆ ಆ ವೈರಸ್ಸನ್ನೂ ಅದರ ಬೆನ್ನಿಗಿರುವ ಕಾವಲು ಕಣಗಳನ್ನೂ ಮೈಯಿಂದ ಪೂರ್ತಿ ತೊಳೆದುಹಾಕಿದರೆ ಹೇಗೆ ಎಂದು ಯಾರೋ ಕೇಳಿದರು. ಇಪ್ಪತ್ತು ವರ್ಷದ ನಂತರ ಅದಕ್ಕೊಂದು ಔಷಧ ಬಂತು. ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ಕೂತು ರಕ್ತದೊಳಗೆ ಹೋಗಿ, ವೈರಸ್ಸು ಅಡಗಿದ ಕಣವನ್ನು ಗುರುತಿಸಿ ಕತ್ತರಿಸುವ ಔಷಧ. ಆರು ಬಾಟಲಿ, ಆರು ವಾರ. ದಾಖಲೆಯಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಊರಿನವರು ತೊಳೆಯುವುದು ಎಂದರು, ಅದನ್ನು ಪಡೆದವರನ್ನು ತೊಳೆದವರು ಎಂದರು.

ತೊಳೆದವರಿಗೆ ಒಂದೇ ಭಯ. ಕಳ್ಳನ ಜೊತೆಗೆ ಪೊಲೀಸರನ್ನೂ ಊರು ಬಿಡಿಸಿದ ಮೇಲೆ ಕಳ್ಳ ಇನ್ನೊಮ್ಮೆ ನುಗ್ಗಿದರೆ ತಡೆಯುವವರಿಲ್ಲ. ಮತ್ತೆ ವೈರಸ್ಸು ಹೊಕ್ಕರೆ ಅದು ಸಾಧಾರಣ ಜ್ವರವಾಗದೆ ಯಕೃತ್ತನ್ನೂ ಗುಲ್ಮವನ್ನೂ ಸುಡುವ ಜ್ವರವಾಗುವುದೆಂದು ಇಲಿಗಳಲ್ಲಿ ಕಂಡಿದ್ದರು. ಅದನ್ನು ತಡೆಯುವ ಲಸಿಕೆ ಸಿದ್ಧವಾಗಲು ಇನ್ನೂ ಹದಿನಾಲ್ಕು ತಿಂಗಳು ಬೇಕಿತ್ತು. ಅಲ್ಲಿಯ ತನಕ ತೊಳೆದವರ ಬಾಯಿಗೆ ಇನ್ನೊಬ್ಬರ ಎಂಜಲು ತಾಗಬಾರದು. ವಿದೇಶಗಳಲ್ಲಿ ಈ ಪ್ರಯೋಗ ಮೂರು ತಿಂಗಳೂ ನಡೆದಿರಲಿಲ್ಲ. ಅಲ್ಲಿಯವರಿಗೆ ಮುತ್ತು ಕೊಡದೆ ಇರಲಾಗಲಿಲ್ಲವಂತೆ. ಕೇಂದ್ರದ ಮುಖ್ಯಸ್ಥ ಡಾ. ಹುಯಿಲಗೋಳರು ಅದನ್ನು ಓದಿ ನಕ್ಕು, ತಂಬಿಗೆ ಎತ್ತಿ ಗಂಟಲಿಗೆ ನೀರು ಹೊಯ್ದುಕೊಳ್ಳುವ ನಮ್ಮ ಜನಕ್ಕೆ ಎಂಜಲು ಎಂದರೆ ಏನೆಂದು ಕಲಿಸಬೇಕಾಗಿಲ್ಲ ಎಂದು ಬರೆದು ಪ್ರಯೋಗವನ್ನು ಗದಗಿಗೂ ಸುತ್ತಲಿನ ಮೂರು ಊರುಗಳಿಗೂ ತಂದಿದ್ದರು.

ಮೂವತ್ತೆರಡು ಪ್ರಶ್ನೆಗಳನ್ನು ಬರೆದವಳು ಡಾ. ಮಹಾನಂದಾ. ನಲವತ್ತೆರಡರ ವಯಸ್ಸು, ಮದುವೆಯಾಗಿರಲಿಲ್ಲ, ಸೂಕ್ಷ್ಮಜೀವಿಗಳ ವಿಷಯದಲ್ಲಿ ಅವಳ ಮಾತನ್ನು ಹುಯಿಲಗೋಳರೂ ಮೀರುತ್ತಿರಲಿಲ್ಲ. ಪ್ರಶ್ನೆಗಳಿಗಾಗಿ ಅವಳು ತಿಂಗಳುಗಟ್ಟಲೆ ಮನೆಮನೆ ಓಡಾಡಿದ್ದಳು. ಬೇರೆಯವರ ತಾಟಿನಲ್ಲಿ ಉಂಡಿರಾ? ಹೋಟೆಲಿನ ಲೋಟವನ್ನು ತುಟಿಗೆ ಹಚ್ಚಿದಿರಾ? ಗಂಡ ಕಚ್ಚಿದ ಎಲೆ ಅಡಿಕೆ ಹಾಕಿಕೊಂಡಿರಾ? ಮದುವೆಯ ಭೂಮದ ಊಟಕ್ಕೆ, ಎಂದರೆ ಬೀಗರೆಲ್ಲ ಒಂದೇ ಹರಿವಾಣದಲ್ಲಿ ಕೈ ಹಾಕುವ ಊಟಕ್ಕೆ, ಕೂತಿರಾ? ಗಂಡ ಹೆಂಡಿರ ಸಂಗತಿಯನ್ನೂ ಮರ್ಯಾದೆಯ ಮಾತಿನಲ್ಲಿ ಕೇಳಿದ್ದಳು. ಒಂದೂ ಬಿಟ್ಟುಹೋಗಿಲ್ಲವೆಂದು ಅವಳಿಗೆ ಖಾತ್ರಿಯಿತ್ತು, ಹೆಮ್ಮೆಯೂ ಇತ್ತು.

ಆ ಇಪ್ಪತ್ತೆರಡು ಜನರಲ್ಲಿ ಒಬ್ಬಳು ಅವಳ ತಂಗಿ ಕಸ್ತೂರಿ. ಇದನ್ನು ಮಹಾನಂದಾ ಮೊದಲ ದಿನವೇ ಬರೆದುಕೊಟ್ಟಿದ್ದಳು, ಹಾಗಾಗಿ ಕಸ್ತೂರಿಯ ನಳಿಕೆಯನ್ನು ಹುಯಿಲಗೋಳರೇ ನೋಡುತ್ತಿದ್ದರು.

ಕಸ್ತೂರಿ ಎಂಟು ತಿಂಗಳ ಕೂಸಾಗಿದ್ದಾಗ ಅವರ ತಾಯಿ ತೀರಿಹೋಗಿದ್ದಳು. ಹನ್ನೆರಡು ವರ್ಷದ ಮಹಾನಂದಾಳೇ ರೊಟ್ಟಿ ಅಗಿದು ತಿನ್ನಿಸಿ ತಂಗಿಯನ್ನು ಬೆಳೆಸಿದಳು. ಕಸ್ತೂರಿ ಬಸ್ ಕಂಡಕ್ಟರ್ ಆದಳು. ಆ ಹೊತ್ತಿಗೆ ಡ್ರೈವರ್ ಇಲ್ಲದ ಬಸ್ಸುಗಳು ಓಡಾಡತೊಡಗಿದ್ದವು, ಆದರೆ ಗದಗ ಜಿಲ್ಲೆಯಲ್ಲಿ ಕಂಡಕ್ಟರ್ ಇಲ್ಲದೆ ಬಸ್ಸು ಓಡಿಸುವ ಧೈರ್ಯ ಯಾವ ಯಂತ್ರಕ್ಕೂ ಬಂದಿರಲಿಲ್ಲ. ಬಾಗಿಲಲ್ಲಿ ನಿಂತು ನೂರು ಜನರನ್ನು ಒಳಗೆ ಸರಿಸುವ ಗಂಟಲು ಅವಳದು. ಹೆರಿಗೆಯಾದ ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅವಳ ಎಡಗಣ್ಣು ಮಂಜಾಯಿತು. ಎರಡು ತಿಂಗಳಿಗೆ ಕಾಲು ಸೋತು, ನಡೆಯುವಾಗ ಗೋಡೆ ಹಿಡಿಯಬೇಕಾಯಿತು. ನರಗಳ ಹೊದಿಕೆ ಕರಗುತ್ತಿದೆ ಎಂದು ವರದಿ ಬಂದ ದಿನ ಮಹಾನಂದಾ ಬಚ್ಚಲಿಗೆ ಹೋಗಿ ಅತ್ತಳು. ವೈರಸ್ಸನ್ನು ತಂಗಿಗೆ ದಾಟಿಸಿದ್ದು ತನ್ನದೇ ಬಾಯಿಯ ರೊಟ್ಟಿ ಇರಬಹುದು ಎಂಬುದು ಅವಳ ತಲೆಯಿಂದ ಹೋಗಲಿಲ್ಲ. ಅದನ್ನು ಹೌದೆನ್ನುವ ಯಂತ್ರವಿಲ್ಲ, ಅಲ್ಲವೆನ್ನುವ ಯಂತ್ರವೂ ಇಲ್ಲ.

ತೊಳೆದ ನಾಲ್ಕನೆಯ ತಿಂಗಳಿಗೆ ಕಸ್ತೂರಿ ಗೋಡೆ ಬಿಟ್ಟು ನಡೆದಳು. ಆರನೆಯ ತಿಂಗಳಿಗೆ ಕೂಸನ್ನು ಎತ್ತಿಕೊಂಡು ಅಂಗಳ ಸುತ್ತಿದಳು. ಮನೆಯಲ್ಲಿ ಅವಳಿಗೆಂದು ಬೇರೆ ತಾಟು, ಬೇರೆ ತಂಬಿಗೆ, ಬೇರೆ ಚಮಚ. ಅತ್ತೆ ಪಾರವ್ವನಿಗಂತೂ ಈ ಕಾವಲು ಹೇಳಿ ಮಾಡಿಸಿದ ಕೆಲಸವಾಗಿತ್ತು. ಸೊಸೆಯ ತಂಬಿಗೆಯ ಹತ್ತಿರ ಯಾರ ನೆರಳು ಸುಳಿದರೂ ಆಕೆ ಪಡಸಾಲೆಯಿಂದಲೇ ಗದರುತ್ತಿದ್ದಳು. ಗಾಳಿಯಂತ್ರಗಳ ರಿಪೇರಿ ಮಾಡುವ ಗಂಡ ಅಂದಾನೆಪ್ಪ ಸಂಜೆ ಗುಡ್ಡದಿಂದ ಬಂದವನು ಹೆಂಡತಿಯ ಮಗ್ಗುಲಲ್ಲಿ ಮುಖ ಆಚೆ ಮಾಡಿ ಮಲಗುತ್ತಿದ್ದ. ಹದಿನಾಲ್ಕು ತಿಂಗಳು ತನಗೆ ಗಂಡನ ಬೆನ್ನೇ ಗತಿ ಎಂದು ಕಸ್ತೂರಿ ಅಕ್ಕನ ಮುಂದೆ ನಗುತ್ತ ಹೇಳಿದ್ದಳು. ಮಗಳು ಶ್ರಾವಣಿ ಆಗ ತಪ್ಪು ಹೆಜ್ಜೆ ಇಡುತ್ತಿದ್ದಳು, ತಾಯಿಯೂ ಹೊಸದಾಗಿ ನಡೆಯುತ್ತಿದ್ದಳು. ಇಬ್ಬರೂ ಕೈ ಹಿಡಿದುಕೊಂಡು ಓಣಿಯಲ್ಲಿ ಹೋಗುವುದನ್ನು ನೋಡಿ ಮಹಾನಂದಾಳಿಗೆ ತನ್ನ ಜನ್ಮ ಸಾರ್ಥಕವಾಯಿತು ಅನ್ನಿಸಿತು.

ಏಳನೆಯ ತಿಂಗಳ ಒಂದು ಬುಧವಾರ ನಾಗರತ್ನಾಳ ನಳಿಕೆಯಲ್ಲಿ ವೈರಸ್ಸು ಸಿಕ್ಕಿತು.

ನಾಗರತ್ನಾ ಬೆಟಗೇರಿಯವಳು, ಕುಪ್ಪಸ ಹೊಲಿಯುವವಳು. ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗದೆ ಬಂದವಳು, ತೊಳೆದ ಮೇಲೆ ಮತ್ತೆ ಯಂತ್ರದ ಮುಂದೆ ಕೂತಿದ್ದಳು. ಎರಡು ವರ್ಷದ ಮಗನಿದ್ದ. ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಬರುವವನು. ಅವಳ ಹಾಳೆಯಲ್ಲಿ ಮೂವತ್ತೆರಡಕ್ಕೆ ಮೂವತ್ತೆರಡೂ ‘ಇಲ್ಲ’ ಎಂದಿತ್ತು. ಮನೆಯ ಏಳು ಜನ ದೊಡ್ಡವರ ಉಗುಳನ್ನೂ ತಂದು ಪರೀಕ್ಷಿಸಿದರು. ವೈರಸ್ಸಿನಲ್ಲೂ ಒಂದೊಂದು ಮನೆತನದ ಗುರುತಿರುತ್ತದೆ, ಅಕ್ಷರ ಅಕ್ಷರ ಹೋಲಿಸಿ ನೋಡಬಹುದು. ಏಳರಲ್ಲಿ ಒಂದೂ ಹೊಂದಲಿಲ್ಲ. ಅಂದರೆ ಅದು ಹೊರಗಿನವರಿಂದ ಬಂದದ್ದು ಎಂದು ಯಂತ್ರವೇ ಹೇಳಿದ ಹಾಗಾಯಿತು.

ಹುಯಿಲಗೋಳರು ಹಾಳೆಯನ್ನು ಮೇಜಿನ ಮೇಲೆ ಹಾಕಿ, ಆಕೆ ಸುಳ್ಳು ಹೇಳುತ್ತಿದ್ದಾಳೆ, ಯಾರೆಂದು ಹೆಣ್ಣುಮಗಳಾಗಿ ನೀವೇ ಕೇಳಿರಿ ಎಂದರು. ಮಹಾನಂದಾ ವಾರ್ಡಿಗೆ ಹೋದಳು. ನಾಗರತ್ನಾಳ ಕುತ್ತಿಗೆ ಕಿವಿಯ ತನಕ ಊದಿತ್ತು, ಕಣ್ಣು ಹಳದಿಯಾಗಿದ್ದವು. ಮಹಾನಂದಾ ಆದಷ್ಟು ಮೆತ್ತಗೆ ಕೇಳಿದಳು. ಬೇರೆ ಯಾರಿಗೂ ತಿಳಿಸುವುದಿಲ್ಲ, ಔಷಧಕ್ಕಾಗಿ ಬೇಕು, ಹೆಸರೂ ಬೇಡ, ಹೌದೆಂದರೆ ಸಾಕು ಎಂದಳು.

“ನಾ ಯಾರ ಎಂಜಲಾನೂ ಮುಟ್ಟಿಲ್ರಿ ಅಕ್ಕಾರ. ನನ್ನ ಮಗನ ಆಣಿ,” ಎಂದಳು ನಾಗರತ್ನಾ.

ಮರುದಿನವೂ ಮಹಾನಂದಾ ಕೇಳಿದಳು, ಅದೇ ಉತ್ತರ ಬಂತು. ಮೂರನೆಯ ದಿನ ನಾಗರತ್ನಾ ತಾನೇ ಒಂದು ಮಾತು ಕೇಳಿದಳು.

“ಇದು ಸಣ್ಣ ಮಕ್ಕಳಿಗೂ ಇರ್ತೈತೇನ್ರಿ?”

ತಾಯಿ ಮಗನಿಗೆ ತನ್ನಿಂದ ತಾಗೀತೆಂದು ಹೆದರಿದ್ದಾಳೆ ಎಂದುಕೊಂಡ ಮಹಾನಂದಾ, ಎಲ್ಲ ಮಕ್ಕಳಿಗೂ ಮೂರು ವರ್ಷದೊಳಗೆ ಎಲ್ಲಿಂದಲಾದರೂ ಬಂದೇ ಬರುತ್ತದೆ, ಅಂಗನವಾಡಿಗೆ ಹೋದ ವಾರದಲ್ಲೇ ಬರುತ್ತದೆ, ಅವರಿಗೆ ಏನೂ ಆಗುವುದಿಲ್ಲ, ಅದರ ಚಿಂತೆ ಬಿಡು ಎಂದು ಸಮಾಧಾನ ಹೇಳಿದಳು. ನಾಗರತ್ನಾ ಬಹಳ ಹೊತ್ತು ಛಾವಣಿ ನೋಡುತ್ತ ಮಲಗಿದ್ದಳು. ಆಮೇಲೆ ಅವಳು ಆಣೆ ಮಾಡಲಿಲ್ಲ, ಅಲ್ಲವೆನ್ನಲೂ ಇಲ್ಲ. ಯಾರು ಕೇಳಿದರೂ, ನೀವು ಏನು ಬರೆದುಕೊಳ್ಳುತ್ತೀರೋ ಬರೆದುಕೊಳ್ಳಿರಿ ಎಂದಷ್ಟೇ ಹೇಳಿದಳು. ಸೋಂಕಿನ ಮೂಲ ತಿಳಿದಿಲ್ಲ, ರೋಗಿ ಹೇಳಲು ಒಪ್ಪಲಿಲ್ಲ ಎಂದು ಮಹಾನಂದಾ ದಾಖಲಿಸಿದಳು. ಹಾಗೆ ಬರೆಯುವಾಗ ಅವಳಿಗೆ ನಾಗರತ್ನಾಳ ಮೇಲೆ ಸ್ವಲ್ಪ ಸಿಟ್ಟೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ.

ಹದಿನಾರನೆಯ ದಿನ ನಾಗರತ್ನಾ ತೀರಿಕೊಂಡಳು. ದಾಖಲೆಯಲ್ಲಿದ್ದದ್ದು ಬೆಟಗೇರಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ, ಮೂರೇ ದಿನದಲ್ಲಿ ಮುಟ್ಟಿತು. ಊರಿನ ಬಾಯಿ ಕಟ್ಟಲಾದೀತೇ? ಹಾಲು ಹಾಕುವವನಿಂದ ಹಿಡಿದು ಅವಳ ಹೊಲಿಗೆ ಯಂತ್ರ ರಿಪೇರಿ ಮಾಡಿದವನ ತನಕ ಎಲ್ಲರ ಹೆಸರೂ ಓಡಾಡಿತು. ಹಡಗಿನಿಂದ ಬಂದ ಗಂಡ ಹೆಂಡತಿಯ ತಿಥಿಕಾರ್ಯಕ್ಕೆ ನಿಲ್ಲಲಿಲ್ಲ. ಮಗನ ಮುಖವನ್ನು ಎರಡು ದಿನ ನೋಡಿ ನೋಡಿ, ಮೂರನೆಯ ದಿನ ಅವನನ್ನು ಮುಳಗುಂದದಲ್ಲಿದ್ದ ನಾಗರತ್ನಾಳ ತಾಯಿಯ ಮನೆಯಲ್ಲಿ ಬಿಟ್ಟು ಬಂದ. ಕೇಂದ್ರದಲ್ಲಿ ಉಳಿದ ಇಪ್ಪತ್ತೊಂದು ಜನ ಬುಧವಾರದಂದು ಚಿಗಳಿಯ ಮಾತು ತೆಗೆಯುವುದನ್ನು ನಿಲ್ಲಿಸಿದರು. ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿಕೊಂಡು ಕೂರುತ್ತಿದ್ದರು, ನಳಿಕೆ ತುಂಬಲು ಅರ್ಧ ತಾಸು ಹಿಡಿಯುತ್ತಿತ್ತು.

ಎರಡು ವಾರ ಕಳೆದು ಒಂದು ಭಾನುವಾರ ಮಧ್ಯಾಹ್ನ ಮಹಾನಂದಾ ತಂಗಿಯ ಮನೆಗೆ ಊಟಕ್ಕೆ ಹೋದಳು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಪಾರವ್ವ ಬಾಗಿಲಿಗೆ ಎದುರಾಗಿ ಕೂತು, ಮಗ ತನ್ನ ಲೋಟವನ್ನು ಸೊಸೆಯ ತಂಬಿಗೆಯ ಪಕ್ಕ ಇಟ್ಟನೆಂದು ಅವನ ಜನ್ಮ ಜಾಲಾಡುತ್ತಿದ್ದಳು. ಕಸ್ತೂರಿ ಶ್ರಾವಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಟ್ಟಲಿನಲ್ಲಿ ಹಾಲಿಗೆ ರೊಟ್ಟಿ ಮುರಿದು ತಿನ್ನಿಸುತ್ತಿದ್ದಳು. ಕೂಸು ನಾಲ್ಕು ತುತ್ತು ತಿಂದು ಐದನೆಯದನ್ನು ಹೊರಗೆ ನೂಕಿತು. ಕಸ್ತೂರಿ ಗದ್ದದ ಮೇಲೆ ಇಳಿದದ್ದನ್ನು ಬೆರಳಿನಿಂದ ಬಳಿದು ತನ್ನ ಬಾಯಿಗೆ ಹಾಕಿಕೊಂಡಳು, ಬಟ್ಟಲಲ್ಲಿ ಉಳಿದದ್ದನ್ನೂ ಎರಡು ಗುಟುಕಿಗೆ ಮುಗಿಸಿದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಪಾರವ್ವ ಅದನ್ನು ನೋಡುತ್ತಲೇ ಇದ್ದಳು, ಏನೂ ಅನ್ನಲಿಲ್ಲ. ಅಂದಾನೆಪ್ಪನೂ ನೋಡಿದ. ಮಹಾನಂದಾಳೂ ನೋಡಿದಳು.

ಶ್ರಾವಣಿ ಇಳಿದು ಬಂದು ತನ್ನ ಕೈಯಲ್ಲಿದ್ದ ಬಾಳೆಹಣ್ಣನ್ನು ದೊಡ್ಡಮ್ಮನ ಬಾಯಿಗೆ ಹಿಡಿಯಿತು. ಮಹಾನಂದಾ ಕಚ್ಚಿ, ಬಹಳ ರುಚಿಯಾಗಿದೆ ಎಂದು ಕಣ್ಣರಳಿಸಿದಳು. ನುಂಗುವಾಗ ಹಣ್ಣಿನ ಮೇಲಿದ್ದ ಎರಡು ಸಣ್ಣ ಹಲ್ಲಿನ ಗುರುತು ಕಂಡಿತು. ತಂಗಿಯ ಕಡೆ ತಿರುಗಿದಳು.

“ಕಸ್ತೂರಿ, ಆಕಿ ಬಿಟ್ಟದ್ದು ನೀ ದಿನಾ ತಿಂತಿ?”

“ಏನ ಬಿಟ್ಟದ್ದು?”

“ಈಗ ತಿಂದೆಲ್ಲ. ಬಟ್ಟಲದಾಗಿಂದು.”

“ಚೆಲ್ಲೂದೇನ ಮತ್ತ? ನನ್ನ ಮಗಳದು ಅದು,” ಎಂದು ಕಸ್ತೂರಿ ನಕ್ಕಳು. ಆಮೇಲೆ ಅಕ್ಕನ ಮುಖ ನೋಡಿ ನಗು ನಿಲ್ಲಿಸಿದಳು.

ಎಂಜಲನ್ನು ಇಷ್ಟು ಬಿಗಿಯಾಗಿ ಕಾಯುವ ಈ ಜನ ಮಗುವಿನ ಎಂಜಲನ್ನು ಎಂಜಲೆಂದು ಎಣಿಸುವುದೇ ಇಲ್ಲ. ಕೂಸು ಉಗುಳಿದ್ದನ್ನು ತಾಯಿ ತಿನ್ನುತ್ತಾಳೆ, ಅಜ್ಜಿ ತಿನ್ನುತ್ತಾಳೆ, ತಿಂದದ್ದು ನೆನಪಿನಲ್ಲೂ ಉಳಿಯುವುದಿಲ್ಲ. ಗಂಡಸು ಡಾಕ್ಟರರಿಗೆ ಅದು ಗೊತ್ತಿರಲಿಲ್ಲ, ಹೆಂಗಸು ಡಾಕ್ಟರಿಗೆ ಅದು ಗೊತ್ತಿದ್ದೂ ಹೊಳೆಯಲಿಲ್ಲ. ನಾಗರತ್ನಾ ಮಗನ ಮೇಲೆ ಆಣೆ ಮಾಡಿ ಹೇಳಿದ್ದು ಸತ್ಯವಾಗಿತ್ತು. ಛಾವಣಿ ನೋಡುತ್ತ ಮಲಗಿದ್ದಾಗ ಅವಳಿಗೆ ಎಲ್ಲ ತಿಳಿದಿತ್ತು ಎಂಬುದು ಮಹಾನಂದಾಳಿಗೆ ಆ ಊಟದ ಮನೆಯಲ್ಲಿ ತಿಳಿಯಿತು. ಮಗನ ಹೆಸರು ಬರಬಾರದೆಂದು ಅವಳು ಊರು ಹೊರಿಸಿದ್ದನ್ನೆಲ್ಲ ಹೊತ್ತುಕೊಂಡು ಹೋಗಿದ್ದಳು. ಅದನ್ನು ಅವಳ ತಲೆಗೆ ಕಟ್ಟಿದವಳು ತಾನೇ ಎಂದು ಮಹಾನಂದಾಳಿಗೆ ನಾಚಿಕೆಯಾಯಿತು.

ಅಂದೇ ಅವಳು ಶ್ರಾವಣಿಯ ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ತೆಗೆದುಕೊಂಡಳು. ಕಸ್ತೂರಿಯಿಂದಲೂ ಒಂದು ನಳಿಕೆ ತೆಗೆದುಕೊಂಡಳು. ಕೂಸು ಬಿಟ್ಟದ್ದನ್ನು ಇನ್ನು ಮುಟ್ಟಬೇಡ ಎಂದಾಗ ಕಸ್ತೂರಿ, ಎಂಟು ತಿಂಗಳಿಂದ ತಿನ್ನುತ್ತಿದ್ದೇನೆ, ಏನೂ ಆಗಿಲ್ಲವಲ್ಲ ಎಂದಳು. ಆಗ ಕೂಸಿಗೇ ಬಂದಿರಲಿಲ್ಲವೇನೋ ಎಂದು ಉತ್ತರಿಸಲು ಹೋದ ಮಹಾನಂದಾ ನಳಿಕೆಯ ಮುಚ್ಚಳ ಬಿಗಿದಳು. ಶ್ರಾವಣಿ ಅಂಗನವಾಡಿಯ ಕೂಸಿನ ಮನೆಗೆ ಹೋಗತೊಡಗಿ ಎರಡು ತಿಂಗಳಾಗಿತ್ತು. ಸೋಮವಾರ ಬೆಳಿಗ್ಗೆ ಮಹಾನಂದಾ ಬಸ್ಸು ಹಿಡಿದು ಮುಳಗುಂದಕ್ಕೆ ಹೋಗಿ ನಾಗರತ್ನಾಳ ಮಗನ ಬಾಯಿಂದಲೂ ಕಡ್ಡಿ ತಂದಳು. ಏಕೆ ಎಂದು ಕೇಳಿದ ಅಜ್ಜಿಗೆ, ವರದಿ ಬಂದ ಮೇಲೆ ಹೇಳುತ್ತೇನೆ ಎಂದು ಬಸ್ಸು ಹತ್ತಿದಳು.

ಬುಧವಾರ ಮಧ್ಯಾಹ್ನ ಹುಯಿಲಗೋಳರು ಅವಳನ್ನು ತಮ್ಮ ಕೋಣೆಗೆ ಕರೆದರು. ಪರದೆಯ ಮೇಲೆ ಎರಡು ಸಾಲು ಅಕ್ಷರಗಳಿದ್ದವು, ಒಂದು ನಾಗರತ್ನಾಳದು, ಇನ್ನೊಂದು ಅವಳ ಮಗನದು. ಎಲ್ಲಿಯೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಹುಯಿಲಗೋಳರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತಾವು ಆ ಹೆಣ್ಣುಮಗಳ ಬಗ್ಗೆ ಆಡಿದ್ದು ದೊಡ್ಡ ತಪ್ಪು ಎಂದರು. ಪರದೆಯನ್ನು ಒಮ್ಮೆ ಸರಿಸಿದರು. ಅಲ್ಲಿ ಮತ್ತೆ ಎರಡು ಸಾಲುಗಳಿದ್ದವು, ಒಂದಕ್ಕೊಂದು ಸರಿಯಾಗಿ ಹೊಂದಿದ್ದವು. ಮೇಲಿನ ಸಾಲಿನ ಪಕ್ಕ ಕಸ್ತೂರಿಯ ಅಂಕಿಯಿತ್ತು. ಕಸ್ತೂರಿಗೆ ಎರಡು ದಿನದಿಂದ ಗಂಟಲು ನೋಯುತ್ತಿತ್ತು.

ನಾಲ್ಕೂ ಊರಿನ ತೊಳೆದವರಲ್ಲಿ ಎಳೆಮಕ್ಕಳಿರುವ ತಾಯಂದಿರು ಇನ್ನೂ ಹನ್ನೊಂದು ಜನ ಇದ್ದರು. ಅವರಿಗೆ ಅಂದೇ ಫೋನು ಮಾಡಿ ಹೇಳಿದರು. ಆದರೆ ಫೋನಿನ ಮಾತಿನಿಂದ ಪ್ರಯೋಗದ ನಿಯಮ ಬದಲಾಗುವುದಿಲ್ಲ. ಉಳಿದ ರಾಜ್ಯಗಳಲ್ಲಿ ಮುಂದಿನ ತಿಂಗಳು ತೊಳೆಯಲಿದ್ದ ಮುನ್ನೂರು ಜನರಿಗಾಗಿ ಎರಡೂ ಪ್ರಕರಣಗಳನ್ನು ಪೂರ್ತಿ ಬರೆದು ಕಳಿಸಬೇಕಿತ್ತು. ಆ ನಮೂನೆಯಲ್ಲಿ ಎರಡು ಕಾಲಂಗಳಿದ್ದವು. ಸೋಂಕು ಕೊಟ್ಟವರು, ಸೋಂಕು ಪಡೆದವರು.

ವಾರ್ಡಿಗೆ ಬಂದ ಮೊದಲ ದಿನ ಕಸ್ತೂರಿಗೆ ಸಣ್ಣ ಜ್ವರ ಮಾತ್ರ ಇತ್ತು. ಅಕ್ಕ ಹೇಳಿದ್ದನ್ನೆಲ್ಲ ಅವಳು ಟಿಕೆಟ್ ಕೇಳುವವರ ಮಾತು ಕೇಳುವಂತೆ ಕಿವಿಗೊಟ್ಟು ಕೇಳಿದಳು. ನಾಗರತ್ನಾಳ ಕಥೆಯನ್ನೂ ಕೇಳಿದಳು. ಆಮೇ‍ಲೆ ಮೊದಲು ಬೇಡಿದ್ದು ತನ್ನ ಜೀವವನ್ನಲ್ಲ.

“ಎಲ್ಲಿಂದ ಬಂತು ಅಂತ ಬರೀಬ್ಯಾಡಕ್ಕ.”

ಬರೆಯದಿದ್ದರೆ ಏನಾಗುತ್ತದೆಂದು ಮಹಾನಂದಾ ವಿವರಿಸಿದಳು. ಮುನ್ನೂರು ಜನರ ಮಾತು ಹೇಳಿದಳು, ನಾಗರತ್ನಾಳ ಹೆಸರಿಗೆ ಹತ್ತಿದ ಮಸಿಯ ಮಾತು ಹೇಳಿದಳು. ಹಾಳೆಯಲ್ಲಿ ಮಕ್ಕಳ ಹೆಸರಿರುವುದಿಲ್ಲ, ಅಂಕಿ ಮಾತ್ರ ಇರುತ್ತದೆ ಎಂದೂ ಹೇಳಿದಳು. ಆ ಕೊನೆಯ ಮಾತು ಆಡುವಾಗ ಅವಳಿಗೇ ನಂಬಿಕೆಯಿರಲಿಲ್ಲ. ನಾಗರತ್ನಾಳದೂ ಅಂಕಿಯೇ ಆಗಿತ್ತು.

“ಈ ಊರಾಗ ಅಂಕಿ ಯಾವಾಗ ಅಂಕಿಯಾಗಿ ಉಳದಾವ? ನಾಳೆ ಪಾಟಿಚೀಲ ಹೊತಗೊಂಡು ಸಾಲಿಗೆ ಹೊಂಟಾಗ ಯಾರರೆ ಅಂತಾರ. ಅವ್ವನ್ನ ಕೊಂದಾಕಿ ಬಂದ್ಲು ಅಂತಾರ. ಆಕಿಗೇನ ತಿಳೀತೈತಿ? ನಕ್ಕೋತ ಕೊಟ್ಟಾಳ ಕೂಸು,” ಎಂದಳು ಕಸ್ತೂರಿ. ಅವಳ ದೊಡ್ಡ ಗಂಟಲು ಆಗಲೇ ಒಡೆದಿತ್ತು.

ಮಹಾನಂದಾ ತಂದಿದ್ದ ನಮೂನೆಯನ್ನು ಮಡಚಿ ಹಾಸಿಗೆಯ ಮೇಲಿಟ್ಟಳು. ಬಸ್ಸಿನ ಬಾಗಿಲಲ್ಲಿ ಹತ್ತು ವರ್ಷ ನಿಂತವಳಿಗೆ, ಹಿಂದೆ ನಿಂತವರಿಗೂ ಜಾಗ ಮಾಡಿಕೊಡಬೇಕೆಂಬುದು ಗೊತ್ತಿಲ್ಲದ್ದೇನಲ್ಲ. ಕಡೆಗೆ ಕಸ್ತೂರಿಯೇ ಮಾತಾಡಿದಳು.

“ಬರಿ ಹಂಗಾರ. ಆದ್ರ ಕೂಸು ಕೊಟ್ಟಿತು ಅಂತ ಬರೀಬ್ಯಾಡ. ನನಗ ಹಸಿವಾಗಿತ್ತು, ಆಕಿ ಕೈಯಾಂದು ನಾನ ಕಸಗೊಂಡು ತಿಂದ್ನಿ ಅಂತ ಬರಿ. ಆಕಿ ಕೇಳಿದ್ರೂ ಹಂಗ ಹೇಳು.”

ಮಹಾನಂದಾ ಆ ನಮೂನೆಯ ಮೊದಲ ಕಾಲಂ ಹೊಡೆದುಹಾಕಿದಳು. ಎರಡು ಪ್ರಕರಣಗಳಲ್ಲೂ ತಾಯಿ ಮಗುವಿನ ಆಹಾರವನ್ನು ತಾನಾಗಿ ತೆಗೆದುಕೊಂಡು ತಿಂದಿದ್ದಾಳೆ, ಪ್ರಶ್ನೆ ಕೇಳದೆ ಬಿಟ್ಟದ್ದು ಸಂಶೋಧಕಿಯ ತಪ್ಪು ಎಂದು ಬರೆದು ಸಹಿ ಮಾಡಿದಳು. ಕೆಳಗೆ ಮೂವತ್ಮೂರನೆಯ ಪ್ರಶ್ನೆ ಸೇರಿಸಿದಳು: ನಿಮ್ಮ ಮಗು ಬಿಟ್ಟದ್ದನ್ನು ತಿಂದಿರಾ? ಆ ಸಂಜೆಯೇ ಬೆಟಗೇರಿಗೆ ಹೋಗಿ ನಾಗರತ್ನಾಳ ಗಂಡನ ಮುಂದೆ ನಿಂತು, ನಿನ್ನ ಹೆಂಡತಿಯ ಮೇಲೆ ಬಂದ ಮಾತು ಸುಳ್ಳು, ಅದಕ್ಕೆ ನಾನು ಕಾರಣ ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ಮುಳಗುಂದದ ಬಸ್ಸಿಗೆ ಹೊರಟ.

ಮರುದಿನ ಕಸ್ತೂರಿ ಮನೆಯವರನ್ನೆಲ್ಲ ಕರೆಸಿದಳು. ಇನ್ನು ಕಾಯುವುದು ಏನೂ ಉಳಿದಿಲ್ಲ, ಹಾಗಿದ್ದ ಮೇಲೆ ಈ ಬೇರೆ ತಾಟು ಯಾಕೆ ಎಂದಳು. ಪಾರವ್ವ ನುಚ್ಚು ಮಜ್ಜಿಗೆ ಮಾಡಿಕೊಂಡು ಬಂದಿದ್ದಳು. ಒಂದೇ ತಾಟಿನಲ್ಲಿ ಹಾಕಿ ಐವರೂ ಕೈ ಹಾಕಿದರು. ಕಸ್ತೂರಿಗೆ ನುಂಗುವುದು ಕಷ್ಟವಾಗುತ್ತಿತ್ತು, ಆದರೂ ಶ್ರಾವಣಿ ಅರ್ಧ ತಿಂದು ಕೊಟ್ಟ ತುತ್ತುಗಳನ್ನೆಲ್ಲ ತಿಂದಳು. ಮಗಳ ಬಾಯಿಗೆ, ಮೂಗಿಗೆ, ಕಣ್ಣಿಗೆ ಎಂಟು ತಿಂಗಳ ಮುತ್ತುಗಳನ್ನು ಕೊಟ್ಟಳು. ಅಂದಾನೆಪ್ಪ ಎದ್ದು ಹೊರಗೆ ಹೋಗಿ ವರಾಂಡದಲ್ಲಿ ನಿಂತ. ಪಾರವ್ವ ತಲೆ ತಗ್ಗಿಸಿ, ಕಣ್ಣೆದುರಿಗೇ ತಿನ್ನುತ್ತಿದ್ದಳಲ್ಲ, ತಾನು ನೋಡುತ್ತಲೇ ಇದ್ದೆನಲ್ಲ ಎಂದು ಅದೊಂದೇ ಮಾತು ಹೇಳಿಕೊಂಡು ಅತ್ತಳು.

ಜ್ವರ ಆರನೆಯ ದಿನ ಏರಿತು. ಹದಿನೈದನೆಯ ದಿನ ಅದು ಮಿದುಳಿಗೂ ಹಬ್ಬಿ ಎರಡೂ ಕಣ್ಣು ಹೋದವು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕಸ್ತೂರಿ ತೀರಿಕೊಂಡಳು. ಹನ್ನೊಂದು ತಾಯಂದಿರಲ್ಲಿ ಇಬ್ಬರಿಗೆ ಆಗಲೇ ತಾಗಿತ್ತು, ಒಂಬತ್ತು ಜನ ಲಸಿಕೆಯ ತನಕ ಉಳಿದರು. ಮುನ್ನೂರು ಜನರಲ್ಲಿ ಯಾರಿಗೂ ತಾಗಲಿಲ್ಲ. ಈಗ ಆ ಔಷಧ ಎಲ್ಲ ಕಡೆ ಸಿಗುತ್ತದೆ, ಅದರ ಪೊಟ್ಟಣದ ಮೇಲೆ ಒಂದು ಕೂಸಿನ ಚಿತ್ರ ಇರುತ್ತದೆ. ಮಹಾನಂದಾ ಆ ಕೆಲಸ ಬಿಟ್ಟು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ.

ಆರು ತುಂಬಿದ ವರ್ಷ ಒಂದು ದಿನ ಶ್ರಾವಣಿ ಶಾಲೆಯಿಂದ ದೊಡ್ಡವ್ವನ ಮನೆಗೆ ಬಂದವಳು ಚೀಲ ಕೂಡ ಇಳಿಸದೆ, ಅವ್ವ ಹೇಗೆ ಸತ್ತಳು ಎಂದು ಕೇಳಿದಳು. ಶಾಲೆಯಲ್ಲಿ ಯಾರೋ ಏನೋ ಅಂದಿದ್ದರು. ಮಹಾನಂದಾ ವರ್ಷಗಳಿಂದ ಬಾಯಿಪಾಠ ಮಾಡಿಟ್ಟುಕೊಂಡದ್ದನ್ನು ಹೇಳಿದಳು. ನಿನ್ನ ಕೈಯಲ್ಲಿ ತಿನ್ನುವುದಿತ್ತು, ಅವ್ವನಿಗೆ ಬಹಳ ಹಸಿವಾಗಿತ್ತು, ಡಾಕ್ಟರರು ಬೇಡವೆಂದದ್ದನ್ನು ಅವಳು ನಿನ್ನ ಕೈಯಿಂದ ಕಸಿದುಕೊಂಡು ತಿಂದಳು, ನೀನು ಕೊಟ್ಟದ್ದಲ್ಲ ಎಂದಳು. ಹುಡುಗಿ ಚೀಲ ಕೆಳಗಿಳಿಸಿತು.

“ಕಸಗೋಳೂದ್ಯಾಕ? ಕೇಳಿದ್ರ ನಾನ ಕೊಡ್ತಿದ್ನೆಲ್ಲ ದೊಡ್ಡವ್ವ,” ಎಂದಿತು.